ಲಾಭದ ಮೇಲೆ ಹದಿನೆಂಟು

ಹಳ್ಳಿಮೈಸೂರಿನ ನಂಜಪ್ಪನ ಹಿತ್ತಲಲ್ಲಿರುವ ಮಳೆಮಾಪಕವನ್ನು ಕಿತ್ತು ಅದೇ ಊರಿನ ಶಾಂತರಾಜುವಿನ ಹೊಲದಲ್ಲಿ ನೆಡಬೇಕೆಂದು ಕಂಪನಿಯ ಮ್ಯಾನೇಜರ್ ಅಮರನಾಥ ತೀರ್ಮಾನ ಮಾಡಿದ್ದು ಆಫೀಸಿನಲ್ಲಿ ಮಳೆಯ ಲೆಕ್ಕ ನೋಡುವ ನಿಸರ್ಗ ಕೊಟ್ಟ ಅಂಕಿಗಳನ್ನು ನಂಬಲಾಗದೆ. ಲೆಕ್ಕ ಅವಳದಾದ್ದರಿಂದ ಅದನ್ನು ಕೀಳುವ ಕೆಲಸವೂ ಅವಳ ಪಾಲಿಗೇ ಬಂತು.

ಕಂಪನಿಯೆಂದರೆ ದೊಡ್ಡದೇನಲ್ಲ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ಆಲೂಗಡ್ಡೆ ಬೆಳೆಗಾರರು ಸೇರಿ ಕಟ್ಟಿಕೊಂಡದ್ದು. ಬಿತ್ತನೆ ಗೆಡ್ಡೆಯನ್ನೂ ಗೊಬ್ಬರವನ್ನೂ ಒಟ್ಟಿಗೆ ಕೊಳ್ಳುವುದಕ್ಕೆಂದು ಶುರುವಾಗಿ, ಆಮೇಲೆ ಸದಸ್ಯರ ಫೋನಿಗೆ ಮಳೆಯ ಸುದ್ದಿ ಕಳಿಸುವುದನ್ನೂ ಹಚ್ಚಿಕೊಂಡಿತ್ತು. ಆಲೂಗಡ್ಡೆಯವನಿಗೆ ಆ ಸುದ್ದಿ ಬೇಕು. ಗೆಡ್ಡೆಯನ್ನು ಹೋಳು ಮಾಡಿದ ಮೇಲೆ ಬಹಳ ದಿನ ಇಟ್ಟುಕೊಂಡು ಕೂರುವಂತಿಲ್ಲ. ನೆಡುವಾಗ ನೆಲದಲ್ಲಿ ಹದ ಇರಬೇಕು, ಆದರೆ ನೆಟ್ಟ ಮೇಲೆ ನೀರು ನಿಂತರೆ ಹೋಳು ಮಣ್ಣಿನೊಳಗೇ ಕೊಳೆತು ನಾರುತ್ತದೆ. ಬೆಳೆ ಉಳಿಯುವುದೂ ಹೋಗುವುದೂ ಹೆಚ್ಚುಕಡಿಮೆ ಆ ಒಂದು ವಾರದಲ್ಲೇ ತೀರ್ಮಾನವಾಗುತ್ತದೆ.

ಸುದ್ದಿ ಬರುವುದು ಕಂಪ್ಯೂಟರಿನಿಂದ. ನೆಲವನ್ನೆಲ್ಲ ಚೌಕ ಚೌಕವಾಗಿ ಗೆರೆ ಹಾಕಿ, ಒಂದೊಂದು ಚೌಕದ ಮೇಲಿನ ಗಾಳಿ, ತೇವ, ಶಾಖ ಮುಂದಿನ ಗಳಿಗೆಯಲ್ಲಿ ಏನಾದೀತೆಂದು ಗುಣಿಸುತ್ತ ಹೋಗುವ ಲೆಕ್ಕ ಅದು. ಅದಕ್ಕೆ ಮಾದರಿ ಎಂದು ಹೆಸರು. ಕಂಪನಿ ಮೊದಲು ದೊಡ್ಡ ಚೌಕದ ಮಾದರಿಯೊಂದನ್ನು ನಂಬಿಕೊಂಡಿತ್ತು. ಅದರ ಒಂದೊಂದು ಚೌಕದೊಳಗೆ ಹತ್ತಾರು ಊರು ಅಡಗಿ, ಹಾಸನಕ್ಕೆ ಹೇಳಿದ ಮಳೆಯೇ ಮೊಸಳೆಗೂ ಆಗುತ್ತಿತ್ತು. ಹೋದ ವರ್ಷದಿಂದ ಚಿಕ್ಕ ಚೌಕದ ಮಾದರಿಯೊಂದು ಬಂದಿತ್ತು. ಅದು ಒಂದು ಹೋಬಳಿಗೂ ಇನ್ನೊಂದು ಹೋಬಳಿಗೂ ಬೇರೆ ಬೇರೆ ಹೇಳಬಲ್ಲದು.

ನಿಸರ್ಗಳ ಕೆಲಸ ಮಳೆ ಹೇಳುವುದಲ್ಲ. ಹೇಳಿದ ಮಳೆ ಬಂತೋ ಇಲ್ಲವೋ ಎಂದು ನೋಡುವುದು. ಹಾಸನದ ಬಸ್ ಸ್ಟ್ಯಾಂಡಿನ ಹಿಂದಿನ ಮಹಡಿಯಲ್ಲಿ ಕೂತು, ಮಾದರಿ ಹೇಳಿದ್ದನ್ನು ಒಂದು ಕಡೆ, ಮಾಪಕದಲ್ಲಿ ಸಿಕ್ಕಿದ್ದನ್ನು ಇನ್ನೊಂದು ಕಡೆ ಇಟ್ಟು, ನಾಲ್ಕು ಗುಂಪು ಮಾಡುತ್ತಿದ್ದಳು: ಹೇಳಿದ್ದು ಬಂತು, ಹೇಳಿದ್ದು ಬರಲಿಲ್ಲ, ಹೇಳದ್ದು ಬಂತು, ಹೇಳಲೂ ಇಲ್ಲ ಬರಲೂ ಇಲ್ಲ. ರಜೆಗೆ ಬಾಗೂರಿಗೆ ಹೋದಾಗ ಈ ಕೆಲಸವನ್ನು ವಿವರಿಸಿದ್ದಕ್ಕೆ ಅವಳ ತಾಯಿ, ಅದು ಮದುವೆಗೆ ಬರುವ ಬೀಗರ ಲೆಕ್ಕದ ಹಾಗೇ ಇದೆಯಲ್ಲ ಎಂದಿದ್ದರು.

ನಾಲ್ಕು ತಾಲ್ಲೂಕಿಗೆ ನಾಲ್ಕು ಮಾಪಕ. ಮೊಸಳೆ, ಅರಕಲಗೂಡು, ಬಾಗೂರು, ಹಳ್ಳಿಮೈಸೂರು. ಮೊದಲ ಮೂರು ಕಡೆಯವರು ಬೆಳಿಗ್ಗೆ ಎಂಟೂವರೆಗೆ ಅಳತೆಯ ಗ್ಲಾಸಿನ ಫೋಟೋ ಕಳಿಸುತ್ತಿದ್ದರು. ಹಳ್ಳಿಮೈಸೂರಿನ ನಂಜಪ್ಪನದು ಗುಂಡಿ ಒತ್ತುವ ಹಳೆಯ ಫೋನು. ಆತ ಕಂಪನಿಯ ಒಂದು ನಂಬರಿಗೆ ಕರೆ ಮಾಡಿ, ಕುಂಯ್ ಎಂದ ಮೇಲೆ ಮಾತನಾಡಿ ಇಡುತ್ತಿದ್ದ. ಅದು ರೆಕಾರ್ಡ್ ಆಗುತ್ತಿತ್ತು. ಗ್ಲಾಸಿನಲ್ಲಿ ಇಪ್ಪತ್ತು ಮಿಲಿಮೀಟರಿನವರೆಗೆ ಗೆರೆ. ಅದಕ್ಕಿಂತ ಹೆಚ್ಚು ಮಳೆಯಾದರೆ ತುಂಬಿದ ಗ್ಲಾಸು ಎಷ್ಟು, ಮೇಲೆ ಎಷ್ಟು ಎಂದಷ್ಟೇ ಹೇಳಿ, ಕೂಡುವ ಗೋಜು ಬೇಡ, ಅದನ್ನು ನಾವು ಮಾಡಿಕೊಳ್ಳುತ್ತೇವೆ ಎಂದು ಮಾಪಕ ನೆಟ್ಟ ದಿನ ಕಂಪನಿಯವರೇ ಹೇಳಿಕೊಟ್ಟಿದ್ದರು. ರೆಕಾರ್ಡನ್ನು ಕೇಳಿ ಅಂಕಿ ಹಾಕುತ್ತಿದ್ದವಳು ವರ್ಷಾ. ಹಾಸನದ ಪೇಟೆಯಲ್ಲೇ ಹುಟ್ಟಿ ಬೆಳೆದವಳು. ಮಳೆ ಲೆಕ್ಕದ ಕೆಲಸಕ್ಕೆ ಹೆಸರು ನೋಡಿಯೇ ತೆಗೆದುಕೊಂಡಿದ್ದಾರೆ ಎಂದು ಆಫೀಸಿನಲ್ಲಿ ಅವಳನ್ನು ರೇಗಿಸುತ್ತಿದ್ದರು.

ಒಂದು ವರ್ಷ ತುಂಬಿದಾಗ ನಿಸರ್ಗ ಚಿಕ್ಕ ಚೌಕದ ಮಾದರಿಯ ಹಣೆಬರಹ ತೆಗೆದಳು. ಮೂರು ಕಡೆ ಚೆನ್ನಾಗಿತ್ತು. ಹಳ್ಳಿಮೈಸೂರಿನಲ್ಲಿ ಮಾತ್ರ ಕೆಟ್ಟಿತ್ತು. ಸಣ್ಣ ಮಳೆಯನ್ನು ಸರಿಯಾಗಿ ಹೇಳುತ್ತದೆ, ಜೋರು ಮಳೆ ಎಂದಾಗ ಮಾಪಕದಲ್ಲಿ ಅದರ ಅರ್ಧವೂ ಸಿಗುವುದಿಲ್ಲ. ಮಾಪಕವೇ ಸೋರುತ್ತಿರಬಹುದೆಂದು ಅವಳಿಗೆ ಮೊದಲು ಅನಿಸಿತು. ಆದರೆ ಹೋದ ವರ್ಷ ಚಿತ್ತೆ ಮಳೆಯಲ್ಲಿ ಒಂದು ದಿನ ನಲವತ್ತಮೂರು ಬಂದಿತ್ತು, ಮಾದರಿ ಹೇಳಿದ್ದೂ ಅಲ್ಲಲ್ಲಿಗೆ ಅಷ್ಟೇ. ಸೋರುವ ಡಬ್ಬದಲ್ಲಿ ನಲವತ್ತಮೂರು ನಿಲ್ಲುವುದಿಲ್ಲ. ಹಾಗಾಗಿ ಮಾಪಕ ಸರಿ, ಮಾದರಿಯೇ ಆ ಜಾಗದಲ್ಲಿ ಅತಿ ಮಾಡುತ್ತದೆ ಎಂದು ಬರೆದಳು. ಹಳ್ಳಿಮೈಸೂರಿನ ಚೌಕಕ್ಕೆ ಒಂದು ಕಡಿತ ಹಾಕಿದಳು: ಜೋರು ಮಳೆ ಎಂದರೆ ಅರ್ಧ ಎಂದು ತಿಳಿಯುವುದು. ಹೀಗೆ ಮಾಡುವುದು ವಾಡಿಕೆಯೇ. ಸದಾ ಮುಂದೆ ಓಡುವ ಗಡಿಯಾರ ಇಟ್ಟುಕೊಂಡವನು ನೋಡುವಾಗಲೇ ಮನಸ್ಸಿನಲ್ಲಿ ಕಳೆದುಕೊಳ್ಳುತ್ತಾನಲ್ಲ, ಹಾಗೆ.

ಈ ವರ್ಷ ರೋಹಿಣಿ ಮಳೆಯ ಹೊತ್ತಿಗೆ ಆ ಕಡಿತ ಜಾರಿಯಲ್ಲಿತ್ತು. ಹಳ್ಳಿಮೈಸೂರು ಸುತ್ತ ಸಾಧಾರಣ ಮಳೆ, ನಾಟಿ ಮಾಡಬಹುದು ಎಂದು ಸುದ್ದಿ ಹೋಯಿತು. ಗೆಡ್ಡೆ ಹೋಳು ಮಾಡಿಕೊಂಡು ಕಾದಿದ್ದವರೆಲ್ಲ ನೆಟ್ಟರು. ಮಾರನೆಯ ಸಂಜೆ ಹುಯ್ಯಿತು. ಹೊಳೆನರಸೀಪುರದಿಂದ ಹಳ್ಳಿಮೈಸೂರಿಗೆ ಬರುತ್ತಿದ್ದ ಅಮರನಾಥನ ಕಾರು ಹಳ್ಳದ ಮೋರಿಯ ಈಚೆಯೇ ನಿಲ್ಲಬೇಕಾಯಿತು, ನೀರು ರಸ್ತೆಯ ಮೇಲೆ ಹರಿಯುತ್ತಿತ್ತು. ತಗ್ಗಿನ ಹೊಲಗಳಲ್ಲಿ ಸಾಲು ಕಾಣಲಿಲ್ಲ. ಬೀರಲಿಂಗಯ್ಯನ ಮಗ ರವೀಶ್ ಹಾಕಿದ್ದ ಆಲೂಗಡ್ಡೆ ಅಷ್ಟೂ ಕೊಳೆಯಿತು.

ಆ ದಿನದ ಅಳತೆಯೆಂದು ವರ್ಷಾ ಹಾಕಿದ್ದ ಅಂಕಿ ಹದಿನೆಂಟು. ಲೆಕ್ಕದ ಪ್ರಕಾರ ಹೇಳಿದ್ದು ಬಂತು. ಕಂಪನಿಯ ಸುದ್ದಿ ಸರಿ.

ಅಮರನಾಥ ಅದನ್ನು ಒಪ್ಪಲಿಲ್ಲ. ಮೋರಿ ಮುಳುಗಿದ್ದನ್ನು ತಾನೇ ಕಂಡಿದ್ದ. ನಂಜಪ್ಪನಿಗೆ ಫೋನ್ ಮಾಡಿ, ನಿಮ್ಮ ಅಳತೆ ಮಳೆಗೆ ಹೊಂದುತ್ತಿಲ್ಲವಲ್ಲ ಎಂದ. ನಂಜಪ್ಪ ಎಷ್ಟು, ಏನು ಎಂದು ಕೇಳಲಿಲ್ಲ. ಹೊಂದದಿದ್ದರೆ ನೀವೇ ಬಂದು ಅಳೆದುಕೊಳ್ಳಿ ಎಂದು ಫೋನ್ ಇಟ್ಟ. ಕಂಪನಿಯ ಸಮಿತಿಯಲ್ಲಿದ್ದ ಶಾಂತರಾಜು ಊರಿಗೆ ಬಂದವನೇ ಹೋಟೆಲಿನಲ್ಲಿ, ನಂಜಪ್ಪಾರ ಡಬ್ಬಕ್ಕೆ ಜೋರು ಮಳೆ ಕಂಡರೆ ನಾಚಿಕೆಯಂತೆ ಎಂದು ಆಡಿದ. ಆ ಮಾತು ಸಂಜೆಯೊಳಗೆ ಮನೆ ಮನೆಗೂ ಹೋಯಿತು.

ನಂಜಪ್ಪನ ಮನೆಯವರಿಗೆ ಊರಲ್ಲಿ ಅಳತೆ ಮನೆಯವರೆಂದೇ ಹೆಸರು. ಕಣ ಮಾಡುತ್ತಿದ್ದ ಕಾಲದಲ್ಲಿ ರಾಶಿ ಅಳೆಯುವುದಕ್ಕೆ ಅವನ ಅಪ್ಪನನ್ನು, ಆಮೇಲೆ ಅವನನ್ನು ಕರೆಯುತ್ತಿದ್ದರು. ಅಣ್ಣ ತಮ್ಮಂದಿರು ಪಾಲಾಗುವಾಗ, ಮಾತು ಬಿಟ್ಟವರು ಕೂಡ, ಕೊಳಗ ಆ ಮನೆಯವರ ಕೈಯಲ್ಲಿದ್ದರೆ ಸುಮ್ಮನೆ ನಿಂತು ನೋಡುತ್ತಿದ್ದರು. ಈಗ ಬತ್ತ ರಾಗಿ ಎಲ್ಲ ಮೂಟೆ ಲೆಕ್ಕ, ತೂಕದ ಲೆಕ್ಕ. ಕೊಳಗ ಅಟ್ಟದಲ್ಲಿದೆ. ಕಂಪನಿಯವರು ಮಾಪಕಕ್ಕೆ ಜಾಗ ಕೇಳಿಕೊಂಡು ಬಂದಾಗ ಊರಿನವರು ಬೇರೆ ಯಾರ ಹೆಸರನ್ನೂ ಹೇಳಿರಲಿಲ್ಲ. ಅದು ಅವನ ಹಿತ್ತಲಿಂದ ಹೋಗುವುದೆಂದರೆ ಏನೆಂದು ಅವನಿಗೂ ಗೊತ್ತಿತ್ತು, ಅವನ ಹೆಂಡತಿ ಬೆಟ್ಟಮ್ಮನಿಗೂ ಗೊತ್ತಿತ್ತು. ಬೆಟ್ಟಮ್ಮ ಆ ವಾರ ನೀರಿಗೆ, ಅಂಗಡಿಗೆ ಸೊಸೆಯನ್ನೇ ಕಳಿಸಿದಳು.

ನಿಸರ್ಗ ಬೆಳಗಿನ ಮೊದಲ ಬಸ್ಸಿಗೆ ಬಂದಳು. ಚೀಲದಲ್ಲಿ ಸ್ಪ್ಯಾನರು, ಒಂದು ಗೋಣಿತಾಟು. ರಾತ್ರಿ ಮಳೆಯಾಗಿತ್ತು, ರಸ್ತೆಯ ಪಕ್ಕದ ಹೊಗೆಸೊಪ್ಪಿನ ಹೊಲಗಳಲ್ಲಿ ಮಣ್ಣು ಕಪ್ಪಗೆ ಕೂತಿತ್ತು. ಮನೆ ಕೇಳಿದಾಗ ತೋರಿಸಿದ ಹೆಂಗಸು, ಡಬ್ಬ ಒಯ್ಯೋಕೆ ಬಂದವರಾ ಎಂದು ಕೇಳಿ ಉತ್ತರಕ್ಕೆ ನಿಲ್ಲದೆ ಹೋದಳು.

ನಂಜಪ್ಪ ಜಗುಲಿಯ ಮೇಲೆ ಕೂತಿದ್ದ. ಎದ್ದು ಚಾಪೆ ಹಾಕಿಸಿದ, ಕಾಫಿ ಕೊಡಿಸಿದ, ಯಾವ ಊರೆಂದು ಕೇಳಿದ. ಚನ್ನರಾಯಪಟ್ಟಣದ ಕಡೆ, ಬಾಗೂರು ಎಂದಳು. ಬಾಗೂರಿನಲ್ಲಿ ತನಗೆ ಗೊತ್ತಿದ್ದ ಒಂದೆರಡು ಮನೆಗಳನ್ನು ವಿಚಾರಿಸಿದ. ಅವು ಅವಳಿಗೂ ಗೊತ್ತಿದ್ದವು. ಮಾಪಕದ ಮಾತನ್ನು ಇಬ್ಬರೂ ಎತ್ತಲಿಲ್ಲ. ಕಡೆಗೆ ಅವಳೇ ಒಂದು ಸಲ ಜಾಗ ನೋಡುತ್ತೇನೆ ಎಂದಳು.

ಹಿತ್ತಲಿಗೆ ಹೋಗಿ ನೋಡಿದಳು. ಯಾವ ಮರದ ಕೊಂಬೆಯೂ ಮೇಲೆ ಚಾಚಿರಲಿಲ್ಲ. ಗೋಡೆ ದೂರವಿತ್ತು. ಮಾಪಕದ ಬಾಯಿ ಮಟ್ಟವಾಗಿತ್ತು. ಸುತ್ತ ಕೋಳಿ ಬರದ ಹಾಗೆ ಬಿದಿರಿನ ದಬ್ಬೆ ನೆಟ್ಟಿದ್ದರು, ಅದು ಕೂಡ ಎತ್ತರ ಇರಲಿಲ್ಲ. ಹುಡುಕಿದರೂ ಒಂದು ತಪ್ಪು ಸಿಗಲಿಲ್ಲ. ಸಿಕ್ಕಿದ್ದರೆ ಕೆಲಸ ಸುಲಭವಾಗುತ್ತಿತ್ತು. ತಪ್ಪು ಜಾಗದ್ದೆಂದು ಹೇಳಿ ಎಲ್ಲರೂ ಮರ್ಯಾದೆಯಿಂದ ಹಿಂದೆ ಸರಿಯಬಹುದಿತ್ತು. ಈಗ ಉಳಿದದ್ದು ಅಳೆಯುವ ಮನುಷ್ಯ ಮಾತ್ರ.

ಅವಳು ಸ್ಪ್ಯಾನರು ತೆಗೆದಾಗ ನಂಜಪ್ಪ ತಡೆದ.

“ಒಯ್ಯೋದು ಇದ್ದೇ ಅದೆ, ಒಯ್ರಿ. ಇವತ್ತಿಂದು ಅಳುದ್ಬುಡ್ತೀನಿ ತಡೀರಿ. ರಾಶಿ ಅಳೀದೆ ಕಣ ಬುಟ್ಟು ಎದ್ದೋಗ್ಬಾರ್ದು.”

ಹೊತ್ತೂ ಎಂಟೂವರೆ ಆಗುತ್ತ ಬಂದಿತ್ತು. ಅವನು ಚಪ್ಪಲಿಯನ್ನು ದಬ್ಬೆಯ ಆಚೆ ಬಿಟ್ಟು ಒಳಗೆ ಹೋದ. ಮಾಪಕದ ಮೇಲಿನ ಆಲಿಕೆ ಎತ್ತಿ, ಒಳಗಿದ್ದ ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದು ತೆಗೆದ. ಗ್ಲಾಸನ್ನು ಒಂದು ಚಪ್ಪಟೆ ಕಲ್ಲಿನ ಮೇಲಿಟ್ಟು, ಕುಕ್ಕರುಗಾಲಲ್ಲಿ ಕೂತು, ಕಣ್ಣು ಗೆರೆಯ ಸಮಕ್ಕೆ ತಂದು ನೀರು ಹುಯ್ದ. ಇಪ್ಪತ್ತರ ಗೆರೆಗೆ ಬಂತು. ನೀರನ್ನು ಬಾಳೆಯ ಬುಡಕ್ಕೆ ಚೆಲ್ಲಿ, ತಲೆಯೆತ್ತದೆ, ಮಾತಾಡುವ ದನಿಗಿಂತ ಬೇರೆಯಾದ ಒಂದು ಎಳೆದ ದನಿಯಲ್ಲಿ ಹೇಳಿದ:

“ಲಾಭ…”

ಉಳಿದದ್ದನ್ನು ಹುಯ್ದ. ಬಾಟಲಿಯನ್ನು ಬೋರಲು ಮಾಡಿ ಕೊನೆಯ ಹನಿ ಬೀಳುವವರೆಗೆ ಕಾದ.

“…ಮೇಲೆ ಆರು.”

ಆಮೇಲೆ ಜೇಬಿನಿಂದ ಫೋನ್ ತೆಗೆದು ಗುಂಡಿ ಒತ್ತಿ ಕಿವಿಗಿಟ್ಟುಕೊಂಡ. ಕುಂಯ್ ಎಂದದ್ದು ನಿಸರ್ಗಳಿಗೂ ಕೇಳಿಸಿತು. ಅವನು ಅದೇ ದನಿಯಲ್ಲಿ ಅದೇ ಮಾತನ್ನು ಹೇಳಿ ಫೋನನ್ನು ಒಳಗಿಟ್ಟ.

ನಿಸರ್ಗ ನಿಂತ ಕಡೆಯೇ ನಿಂತಿದ್ದಳು. ಅವಳ ಅಜ್ಜಿ ಬಾಗೂರಿನ ಮನೆಯಲ್ಲಿ ಬೀಸುವುದಕ್ಕೆ ರಾಗಿ ಅಳೆದು ಕೊಡುವಾಗ ಮೊದಲ ಸೇರಿಗೆ ಒಂದು ಎನ್ನುತ್ತಿರಲಿಲ್ಲ. ಲಾಭ, ಎರಡು, ಮೂರು ಎಂದು ಹೋಗುತ್ತಿದ್ದರು. ಅದನ್ನು ಕೇಳಿ ಎಷ್ಟೋ ವರ್ಷವಾಗಿತ್ತು.

“ದೊಡ್ಡಪ್ಪ,” ಎಂದಳು. ಅಲ್ಲಿಯವರೆಗೆ ಸಾರ್ ಎನ್ನುತ್ತಿದ್ದಳು. “ಫೋನಿಗೆ ಯಾವಾಗ್ಲೂ ಇಂಗೇ ಯೋಳ್ತೀರಾ?”

“ಮತ್ತಿನ್ನೆಂಗವ್ವ ಯೋಳಾದು?”

“ಮೊದ್ಲು ಗ್ಲಾಸಿಗೆ ಲಾಭ ಅಂತ್ಲೇ?”

“ಮೊದ್ಲುನೇದಕ್ಕೆ ಲಾಭ ಅನ್ದೆ ಇನ್ನೇನಂದಾರು. ನಿಮ್ ಬಾಗೂರಲ್ಲಿ ಏನಂತರೆ?”

“ನಮ್ಮಜ್ಜಿನೂ ಲಾಭ ಅಂತ್ಲೇ ಅನ್ನೋರು.”

“ಅಂಗಾದ್ರೆ ಸರಿ,” ಎಂದು ನಂಜಪ್ಪ ಚಪ್ಪಲಿ ಮೆಟ್ಟಿಕೊಂಡ.

ರೋಹಿಣಿ ಮಳೆಯ ಆ ದಿನ ಎಷ್ಟಿತ್ತೆಂದು ಕೇಳಿದಳು. ಲಾಭದ ಮೇಲೆ ಹದಿನೆಂಟು ಎಂದು ಅವನು ಯೋಚನೆ ಮಾಡದೆ ಹೇಳಿದ. ಅಂದರೆ ಮೂವತ್ತೆಂಟು. ಅವಳು ಸ್ಪ್ಯಾನರನ್ನು ಚೀಲಕ್ಕೆ ಹಾಕಿಕೊಂಡು, ಇವತ್ತು ಕೀಳುವುದಿಲ್ಲ, ಆಫೀಸಿನಲ್ಲಿ ಸ್ವಲ್ಪ ನೋಡುವುದಿದೆ ಎಂದಳು. ನಂಜಪ್ಪನ ಮುಖದಲ್ಲಿ ಏನೂ ಬದಲಾಗಲಿಲ್ಲ.

“ಬ್ಯಾಗ ನೋಡವ್ವ. ಶಾಂತರಾಜು ಆಗ್ಲೇ ಗುಂಡಿ ತೋಡಿಸ್ಬುಟ್ಟು ಕಾಯ್ತಾವ್ನೆ. ಕೋಳಿ ಬಿದ್ದಾತು.”

ಆಫೀಸಿಗೆ ಬಂದು ಅವಳೂ ವರ್ಷಾನೂ ಹಳೆಯ ರೆಕಾರ್ಡುಗಳನ್ನು ಮೊದಲಿಂದ ಕೇಳಿದರು. ಸಣ್ಣ ಮಳೆಯ ದಿನ ಬರೀ ಅಂಕಿ. ಜೋರು ಮಳೆಯ ದಿನ ಆ ಎಳೆದ ದನಿ. ಲಾಭ, ಮೇಲೆ ಆರು. ವರ್ಷಾ ಹಾಕಿದ್ದು ಆರು. ಲಾಭ, ಮೇಲೆ ಹನ್ನೊಂದು, ಹಾಕಿದ್ದು ಹನ್ನೊಂದು. ಚಿತ್ತೆ ಮಳೆಯ ಆ ದಿನ, ಲಾಭ, ಎರಡು, ಮೇಲೆ ಮೂರು. ಎರಡು ಎಂಬ ಮಾತು ಕಿವಿಗೆ ಬಿದ್ದದ್ದರಿಂದ ಎರಡು ಗ್ಲಾಸೆಂದು ತಿಳಿದು ನಲವತ್ತಮೂರು ಹಾಕಿದ್ದಳು. ಒಂದೇ ಗ್ಲಾಸು ತುಂಬಿದ ದಿನಗಳಲ್ಲೆಲ್ಲ ಆ ಗ್ಲಾಸು ಬಿಟ್ಟುಹೋಗಿತ್ತು.

ವರ್ಷಾಳ ಮನೆಗೆ ಅಕ್ಕಿ ಮೂಟೆಯಲ್ಲಿ ಬರುತ್ತದೆ, ರಾಗಿ ಹಿಟ್ಟು ಪ್ಯಾಕೆಟ್ಟಿನಲ್ಲಿ. ಕೊಳಗವನ್ನು ಅವಳು ನೋಡಿದ್ದು ಮದುವೆ ಮನೆಗಳಲ್ಲಿ ಶಾಸ್ತ್ರಕ್ಕೆ ಇಟ್ಟದ್ದನ್ನು.

“ಒಳ್ಳೆ ಮಳೆ ಆಯ್ತು, ಲಾಭ ಆಯ್ತು ಅಂತ ಖುಷೀಲಿ ಹೇಳ್ತಾರೆ ಅನ್ಕೊಂಡೆ ಅಕ್ಕಾ,” ಎಂದಳು. “ಎಷ್ಟು ಒಳ್ಳೆ ಮನುಷ್ಯ ಅಂತಾನೂ ಅನ್ಕೋತಿದ್ದೆ.”

ಅಂಕಿಗಳನ್ನು ತಿದ್ದಿ ಮತ್ತೆ ಲೆಕ್ಕ ಮಾಡಿದಾಗ ಮಾದರಿ ಹಳ್ಳಿಮೈಸೂರಿನಲ್ಲೂ ಉಳಿದ ಮೂರು ಕಡೆಯಷ್ಟೇ ನೆಟ್ಟಗಿತ್ತು. ರೋಹಿಣಿ ಮಳೆಯ ದಿನ ಅದು ಹೇಳಿದ್ದು ನಲವತ್ತರ ಹತ್ತಿರ, ಬಿದ್ದದ್ದು ಮೂವತ್ತೆಂಟು. ನಡುವೆ ಅದನ್ನು ಅರ್ಧ ಮಾಡಿ ಕಳಿಸಿದ್ದು ನಿಸರ್ಗಳ ಕಡಿತ. ಅವಳು ಅದನ್ನು ತೆಗೆದುಹಾಕಿ ಅಮರನಾಥನಿಗೆ ವಿಷಯ ಹೇಳಿದಳು. ಅವನು ಬಹಳ ಹೊತ್ತು ಪೆನ್ನಿನ ಕ್ಯಾಪು ತೆಗೆದು ಹಾಕಿ ಮಾಡಿದ. ಸದಸ್ಯರಿಗೆ ಏನಾದರೂ ಹೇಳಲೇಬೇಕಾಗಿತ್ತು. ಅಳತೆ ಹೇಳುವವರ ಭಾಷೆಯಿಂದ ಆದ ಗೊಂದಲ ಎಂದರೆ ಮುಗಿಯುತ್ತದೆ, ಅದು ಸುಳ್ಳೂ ಅಲ್ಲ ಎಂದ. ಒಂದು ವರ್ಷದ ರೆಕಾರ್ಡಿನಲ್ಲಿ ಒಂದನ್ನೂ ತಾನು ಕಿವಿಯಾರೆ ಕೇಳದೆ ಕಡಿತ ಹಾಕಿದ್ದೇನೆ, ಅದನ್ನೂ ಹೇಳಬೇಕಾಗುತ್ತದೆ ಎಂದಳು ನಿಸರ್ಗ. ನೋಡೋಣ ಎಂದ.

ಆ ವಾರವೇ ಹಳ್ಳಿಮೈಸೂರಿನ ಡೈರಿಯ ಮುಂದೆ ಸದಸ್ಯರನ್ನು ಸೇರಿಸಿದರು. ಬೆಳಗಿನ ಹಾಲು ಹಾಕಿ ಮುಗಿಯುವ ಹೊತ್ತು. ಕ್ಯಾನು ಹಿಡಿದವರು ಹಿಡಿದ ಹಾಗೇ ನಿಂತರು. ನಂಜಪ್ಪ ಕಟ್ಟೆಯ ಒಂದು ತುದಿಯಲ್ಲಿ ಕೂತಿದ್ದ, ಶಾಂತರಾಜು ಇನ್ನೊಂದು ತುದಿಯಲ್ಲಿ. ರವೀಶ್ ಹಾಲು ಹಾಕಿ, ಹೋಗದೆ, ಸೈಕಲ್ಲಿಗೆ ಒರಗಿ ನಿಂತಿದ್ದ. ಕೊಳೆತ ಹೊಲವನ್ನು ಅವನು ಮತ್ತೆ ಉತ್ತು ಮುಸುಕಿನ ಜೋಳ ಹಾಕಿಯಾಗಿತ್ತು.

ಅಮರನಾಥ ಶುರುಮಾಡಿ, ಗೊಂದಲ ಎಂಬ ಮಾತಿನವರೆಗೆ ಬಂದು, ಮುಂದಿನದನ್ನು ನಿಸರ್ಗಳಿಗೆ ಬಿಟ್ಟ. ಅವಳು ನಡೆದದ್ದನ್ನು ನಡೆದ ಕ್ರಮದಲ್ಲೇ ಹೇಳಿದಳು. ನಂಜಪ್ಪ ಅಳೆದದ್ದು ಸರಿ, ಹೇಳಿದ್ದೂ ಸರಿ, ಆಫೀಸಿನಲ್ಲಿ ಕೇಳಿಸಿಕೊಂಡದ್ದು ತಪ್ಪು, ಆ ತಪ್ಪಿನ ಮೇಲೆ ತಾನು ಕಡಿತ ಹಾಕಿದ್ದು ಇನ್ನೊಂದು ತಪ್ಪು. ಹಿಂದೆ ನಿಂತಿದ್ದ ಮುದುಕಿಯೊಬ್ಬಳು, ಲಾಭ ಅಂದರೆ ಗೊತ್ತಿಲ್ಲದ ಹೆಣ್ಣು ಯಾವುದಮ್ಮ ಎಂದು ಕೇಳಿದಾಗ ಕೆಲವರು ನಕ್ಕರು. ಶಾಂತರಾಜು ನೆಲ ನೋಡುತ್ತ ಕೂತ.

ನಂಜಪ್ಪನ ಅಳತೆ ಸರಿಯಾಯಿತು. ಊರಿನ ಮುಂದೆ ಸರಿಯಾಯಿತು. ಏಳಬಹುದಿತ್ತು. ಅವನು ಏಳಲಿಲ್ಲ.

“ಆವತ್ತು ಮಿಶಿನ್ನು ಏನಂತ ಯೋಳಿತ್ತವ್ವ?” ಎಂದು ಕೇಳಿದ.

ಜೋರು ಮಳೆ ಎಂದೇ ಹೇಳಿತ್ತು ಎಂದಳು.

“ಅಂಗೇ ಕಳ್ಸಿದ್ರೆ ಇವ್ರು ನೆಡ್ತಿರ್ಲಿಲ್ಲ.”

ಅವಳು ಇಲ್ಲ ಎಂದು ತಲೆಯಾಡಿಸಿದಳು.

ರವೀಶ್ ಸೈಕಲ್ಲಿನ ಹ್ಯಾಂಡಲ್ ಹಿಡಿದುಕೊಂಡೇ ಹ ಹ ಎಂದು ಒಂದು ಒಣ ನಗೆ ನಕ್ಕ.

“ನಿಮ್ ಲಾಭ ನಂಗೆ ಲುಕ್ಸಾನಾಯ್ತಲ್ಲ ಗೌಡ್ರೆ.”

ಯಾರೂ ನಗಲಿಲ್ಲ. ಹಾಲಿನ ವ್ಯಾನಿಗೆ ಕ್ಯಾನು ಏರಿಸುತ್ತಿದ್ದವರೂ ನಿಂತರು. ನಂಜಪ್ಪ ಅವನ ಕಡೆ ನೋಡಿದ, ಸಿಟ್ಟಿರಲಿಲ್ಲ. ಹೌದು ಕಣ್ಲಾ ಎಂದ, ಯಾರಿಗೂ ಸರಿಯಾಗಿ ಕೇಳಿಸದಷ್ಟು ಮೆಲ್ಲಗೆ.

ಅಮರನಾಥ, ಇನ್ನು ಮುಂದೆ ಒಂದು ಎಂದೇ ಹೇಳಿಬಿಡಿ, ಆಗ ಯಾವ ಸಮಸ್ಯೆಯೂ ಇಲ್ಲ ಎಂದ. ಶಾಂತರಾಜು ಅದಕ್ಕೆ ದನಿಗೂಡಿಸಿದ. ಒಂದು ಅನ್ನುವುದಕ್ಕೆ ಹಲ್ಲೇನು ನೋಯುತ್ತದೆಯೇ ಎಂದ.

“ಮೊದ್ಲು ಅಳತೆಗೆ ಒಂದು ಅಂತ ನಮ್ಮಪ್ಪ ಅನ್ಲಿಲ್ಲ,” ಎಂದ ನಂಜಪ್ಪ. “ಒಂದು ಅಂದ್ರೆ ಒಂಟಿ. ಅಲ್ಲಿಗೇ ನಿಂತೋಯ್ತದೆ ಅಂತ. ನನ್ ನಾಲ್ಗೆನೂ ತಿರ್ಗಾಕಿಲ್ಲ. ತಿರ್ಗ್ಸಿ ಅಂದ್ರೆ ನಾಳಿಕೆ ತಿರ್ಗಿಸ್ತೀನಿ, ನಾಳಿದ್ದು ಮರ್ತೋಗಿ ಲಾಭ ಅಂತೀನಿ, ಮತ್ತೆ ಯಾವನ್ದೋ ಗೆಡ್ಡೆ ಕೊಳೀತದೆ.”

ಹಾಗಾದರೆ ಮಾಪಕ ಬೇರೆ ಕಡೆ ಹೋಗಬೇಕಾಗುತ್ತದೆ ಎಂದು ಅಮರನಾಥ ಹೇಳಬೇಕಾಗಿತ್ತು. ಹೇಳಲಿಲ್ಲ. ಆದರೆ ಎಲ್ಲರಿಗೂ ಅದು ಹೇಳಿದ ಹಾಗೇ ಕೇಳಿಸಿತು. ನಿಸರ್ಗ, ಮನೆಯಲ್ಲಿ ಬೇರೆ ಯಾರಾದರೂ ಫೋನ್ ಮಾಡಬಹುದಲ್ಲ, ಸೊಸೆಯ ಫೋನಿನಲ್ಲಿ ಫೋಟೋ ತೆಗೆಯಬಹುದಲ್ಲ ಎಂದಳು. ಅದೂ ಆಗುವ ಮಾತೇ. ನಂಜಪ್ಪ ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. ಟವಲಿನಿಂದ ಕಟ್ಟೆಯ ಧೂಳನ್ನು ಒಂದೇ ಜಾಗದಲ್ಲಿ ಒರೆಸುತ್ತಿದ್ದ.

“ಕಣದಲ್ಲಿ ಅಳೀಬೇಕಾದ್ರೆ ಕೂಗಿ ಅಳೀತಿದ್ವು,” ಎಂದ ಕಡೆಗೆ. “ಸುತ್ತ ಜನ ನಿಂತಿರೋರು. ನಾನು ಲಾಭ ಅಂದ್ರೆ ಅವ್ರು ಲೆಕ್ಕಕ್ಕೆ ಒಂದು ಕಾಳು ಎತ್ತಿ ಮಡಿಕ್ಕೋಳೋರು. ಕೂಗಾದು ಅವ್ರಿಗೆ, ನನಗಲ್ಲ. ಇತ್ಲಲ್ಲಿ ಯಾರವ್ರೆ? ನಾನೊಬ್ನೇ ನಿಂತ್ಕಂಡು ಆ ಪೋನ್ಗೆ ಕೂಗ್ದೆ. ಅದು ಏನ್ ಕೇಳಿಸ್ಕತ್ತೋ ನಾನೂ ನೋಡ್ನಿಲ್ಲ.”

ನಿಸರ್ಗಳ ಕಡೆ ತಿರುಗಿದ.

“ನಿಮ್ ಸ್ಪ್ಯಾನರ್ರು ತಂದಿದ್ದೀರಾ? ಡಬ್ಬವ ಕೀಳಿ. ಶಾಂತರಾಜುನ್ ಒಲಕ್ಕಲ್ಲ, ಇಲ್ಲಿಗೆ ತಂದು ನೆಡಿ. ಬೆಳಿಗ್ಗೆ ಡೈರಿಗೆ ಆಲು ಆಕಕ್ಕೆ ಎಲ್ಲಾ ಬತ್ತರೆ. ನಾನು ಅಳೀತೀನಿ, ಊರು ಕೇಳ್ಲಿ. ಪೋನ್ ಬೇರೆ ಯಾರಾದ್ರೂ ಮಾಡ್ಲಿ.”

ಬೆಟ್ಟಮ್ಮ ಹೆಂಗಸರ ಗುಂಪಿನಲ್ಲಿದ್ದಳು. ಗಂಡನ ಮಾತು ಕೇಳಿ ಸೆರಗಿನ ಅಂಚನ್ನು ಬಾಯಿಗೆ ಇಟ್ಟುಕೊಂಡಳು. ಹಿತ್ತಲಿಂದ ಅದು ಹೋಗಬಾರದೆಂದು ಇಷ್ಟು ದಿನ ಬೀದಿಗೇ ಬರದೆ ಇದ್ದವಳು.

ಫೋನ್ ಯಾರು ಮಾಡುವುದೆಂಬ ಮಾತು ಬಂತು. ಡೈರಿಯ ಕಾರ್ಯದರ್ಶಿಗೆ ಆ ಹೊತ್ತಿನಲ್ಲಿ ಹಾಲಿನ ಲೆಕ್ಕವೇ ಸಾಕಾಗಿರುತ್ತದೆ. ಶಾಂತರಾಜು ತಾನು ಮಾಡಬಹುದೆಂದ. ಅಷ್ಟರಲ್ಲಿ ರವೀಶ್ ಸೈಕಲ್ಲಿನ ಸ್ಟ್ಯಾಂಡು ಹಾಕಿ ಮುಂದೆ ಬಂದ.

“ನಾನ್ ಮಾಡ್ತೀನಿ ಬುಡಿ. ಲಾಭ ಅಂದ್ರೆ ಇಪ್ಪತ್ತು ಅಂತ ಈ ಜನ್ಮದಲ್ಲಿ ಮರಿಯಾಕಿಲ್ಲ.”

“ಕಳ್ಕಂಡೋನ್ ಕಿವಿ ಚುರುಕಾಗಿರ್ತದೆ, ಮಾಡ್ಲಿ,” ಎಂದ ನಂಜಪ್ಪ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಡೈರಿಯ ಪಕ್ಕದ ಜಾಗವನ್ನು ನಿಸರ್ಗ ಆವತ್ತೇ ನೋಡಿದಳು. ಕಟ್ಟಡಕ್ಕೆ ತೀರ ಹತ್ತಿರ ನೆಟ್ಟರೆ ಗಾಳಿ ಬಂದಾಗ ಗೋಡೆ ಮಳೆಯನ್ನು ತಡೆಯುತ್ತದೆ. ಗೋಡೆ ಎಷ್ಟು ಎತ್ತರವೋ ಅದರ ಎರಡರಷ್ಟಾದರೂ ಆಚೆ ಇರಬೇಕು. ಅಲ್ಲಿ ಯಾರೋ ಹುಲ್ಲಿನ ಮೆದೆ ಹಾಕುವುದಕ್ಕೆ ಇಟ್ಟುಕೊಂಡಿದ್ದ ಜಾಗವಿತ್ತು. ಅವನನ್ನು ಕರೆಸಿ ಮೆದೆಯನ್ನು ಇನ್ನಷ್ಟು ಹಿಂದಕ್ಕೆ ಹಾಕಿಸುವುದಕ್ಕೆ ಒಪ್ಪಿಸುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂತು. ಅಮರನಾಥ, ಜನ ಸೇರುವ ಕಡೆ ಮಾಪಕ ಇಡುವುದು ಒಳ್ಳೆಯ ಯೋಜನೆ, ಉಳಿದ ಮೂರು ತಾಲ್ಲೂಕಿನಲ್ಲೂ ಮಾಡಬಹುದು ಎಂದು ಕಾರಿನಲ್ಲಿ ಹೋಗುತ್ತ ಹೇಳಿದ. ಆ ಯೋಜನೆ ತನ್ನದೇ ಎನ್ನುವ ಹಾಗಿತ್ತು ಅವನ ಮಾತು.

ಕಂಬ ನೆಟ್ಟು, ಮಟ್ಟ ನೋಡಿ, ಸುತ್ತ ತಂತಿ ಬಿಗಿದ ಮಾರನೆಯ ಬೆಳಿಗ್ಗೆ ಮೊದಲ ಅಳತೆ. ಹಾಲು ಹಾಕಿದವರು ಹೋಗಲಿಲ್ಲ. ಹಾಲು ಇಲ್ಲದವರೂ ಬಂದಿದ್ದರು. ಹಿಂದಿನ ಸಂಜೆ ಸದಸ್ಯರ ಫೋನಿಗೆ ಸುದ್ದಿ ಹೋಗಿತ್ತು: ಹಳ್ಳಿಮೈಸೂರು ಸುತ್ತ ಹಗುರ ಮಳೆ. ಕಡಿತವಿಲ್ಲದೆ, ಮಾದರಿ ಹೇಳಿದ್ದು ಹೇಳಿದ ಹಾಗೆ.

ನಂಜಪ್ಪ ಚಪ್ಪಲಿ ಬಿಟ್ಟು ತಂತಿಯ ಒಳಗೆ ಹೋದ. ಆಲಿಕೆ ಎತ್ತಿದ. ಬಾಟಲಿ ತೆಗೆದು ಬೆಳಕಿಗೆ ಹಿಡಿದ. ಗ್ಲಾಸಿನ ಮೇಲೆ ಬೋರಲು ಮಾಡಿ ಕಾದ. ಏನೂ ಬೀಳಲಿಲ್ಲ. ರಾತ್ರಿಯೆಲ್ಲ ಮೋಡ ಇತ್ತು, ಗಾಳಿಯೂ ಎದ್ದಿತ್ತು, ಹನಿ ಬಿದ್ದಿರಲಿಲ್ಲ.

ಜನ ಅವನ ಬಾಯಿ ನೋಡುತ್ತಿದ್ದರು. ಕಣದಲ್ಲಿ ರಾಶಿಯಿಲ್ಲದೆ ಯಾರೂ ಅಳೆಯುವುದಕ್ಕೆ ಕರೆಯುತ್ತಿರಲಿಲ್ಲ. ಹಾಗಾಗಿ ಅದಕ್ಕೆ ಅವನ ಅಪ್ಪನಿಂದ ಬಂದ ಮಾತು ಇರಲಿಲ್ಲ. ಅವನು ಖಾಲಿ ಗ್ಲಾಸನ್ನು ಎಲ್ಲರಿಗೂ ಕಾಣುವ ಹಾಗೆ ಮೇಲೆತ್ತಿ ಒಂದು ಸುತ್ತು ತಿರುಗಿಸಿದ.

“ಏನಿಲ್ಲ,” ಎಂದು ಕೂಗಿದ.

“ಏನಿಲ್ಲ ಅಂದ್ರೆ ಸೊನ್ನೆ ತಾನೆ ಗೌಡ್ರೆ?” ಎಂದು ರವೀಶ್ ಕೇಳಿದ.

“ಸೊನ್ನೆ ಕಣ್ಲಾ.”

ರವೀಶ್ ಫೋನಿಗೆ ಸೊನ್ನೆ ಎಂದು ಹೇಳಿ, ಸರಿಯಾಗಿ ಕೇಳಿಸಿತೋ ಇಲ್ಲವೋ ಎಂದು ಇನ್ನೊಂದು ಸಲ ಹೇಳಿದ. ಜನ ಕ್ಯಾನು ಎತ್ತಿಕೊಂಡು ಚದುರಿದರು. ಹಾಸನದಲ್ಲಿ ವರ್ಷಾ ಅಂಕಿ ಹಾಕಿದಳು. ನಿಸರ್ಗ ಅದನ್ನು ಹೇಳಿದ್ದು ಬರಲಿಲ್ಲ ಎಂಬ ಗುಂಪಿಗೆ ಸೇರಿಸಿ, ಅರಕಲಗೂಡಿನ ಫೋಟೋ ತೆರೆದಳು.